ಗೌರೀಶಪ್ಪನ ಇಂಗ್ಲಿಷ್

ಯರಗುಪ್ಪಿಯಲ್ಲಿ ರುಬಿಯಾಳ ಪಾಲಿಗೆ ನೂರಾ ಹನ್ನೆರಡು ಮನೆ ಬಂದಿದ್ದವು. ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ, ಇಂಗ್ಲಿಷ್ ಎಷ್ಟು ಬರುತ್ತದೆ ಎಂದು ಕೇಳಿ ಮೊಬೈಲಿನಲ್ಲಿ ತುಂಬುವ ಸರ್ವೆ. ಸರಕಾರಿ ಶಾಲೆಯ ಅತಿಥಿ ಶಿಕ್ಷಕಿಗೆ ಇಂಥ ಕೆಲಸ ತಪ್ಪಿದ್ದಲ್ಲ. ಜನ ಹೇಳಿದ್ದನ್ನೇ ಬರೆದುಕೊಳ್ಳಬೇಕೆಂಬುದು ನಿಯಮ. ನೂರಾ ಹನ್ನೊಂದು ಮನೆಗಳಲ್ಲಿ ಹಾಗೇ ಮಾಡಿದಳು. ಗೌರೀಶಪ್ಪನ ಮನೆಯನ್ನು ಮಾತ್ರ ಬೇಕಂತಲೇ ಕೊನೆಗೆ ಇಟ್ಟುಕೊಂಡಿದ್ದಳು.

ಹದಿನೆಂಟು ವರ್ಷದ ಹಿಂದೆ ಅವ್ವ ಹಸೀನಾಬಿ ಅವಳ ಕೈ ಹಿಡಿದುಕೊಂಡು ಊರ ಇಂಗ್ಲಿಷ್ ಶಾಲೆಗೆ ಹೋಗಿದ್ದಳು. ಚೇರ್ಮನ್ ಗೌರೀಶಪ್ಪ ಮಗುವನ್ನು ಏನೂ ಕೇಳಲಿಲ್ಲ. ತಾಯಿಯನ್ನು ನಿಲ್ಲಿಸಿ, ಇಂಗ್ಲಿಷಿನಲ್ಲಿ ಹೆಸರು ಹೇಳು ಅಂದ. ಹಸೀನಾಬಿ 'ಮೈ ನೇಮ್' ತನಕ ಬಂದು ತಡವರಿಸಿದಳು. "ಮನ್ಯಾಗ ಉರ್ದು, ಓಣ್ಯಾಗ ಕನ್ನಡ, ಎರಡೂ ಅರ್ಧಾಮರ್ಧಾ. ಇದರಾಗ ಇಂಗ್ಲಿಷ್ ಎಲ್ಲಿ ತುಂಬೂಣು?" ಅಂದ ಅವನು. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಆಮೇಲೆ ಹಸೀನಾಬಿ ಆ ಬೀದಿ ತುಳಿಯಲಿಲ್ಲ. ರುಬಿಯಾ ಕನ್ನಡ ಶಾಲೆಯಲ್ಲೇ ಕಲಿತು, ಮುಂದೆ ಇಂಗ್ಲಿಷಿನಲ್ಲಿ ಎಂ.ಎ. ಮಾಡಿದಳು.

ಭಾನುವಾರ ಬೆಳಿಗ್ಗೆ ಗೌರೀಶಪ್ಪನ ಪಡಸಾಲೆಯಲ್ಲಿ ಹತ್ತಿ ವ್ಯಾಪಾರದ ನಾಲ್ಕೈದು ಮಂದಿ ಕೂತಿದ್ದರು. ಅವನಿಗೆ ಅವಳ ಗುರುತು ಹತ್ತಲಿಲ್ಲ. ಸೊಸೆ ಶಾಂಭವಿ ನೀರು ತಂದಿಟ್ಟಳು.

"ಮನ್ಯಾಗ ಆಡೂ ಭಾಷಾ ಯಾವುದ್ರಿ?"

"ಕನ್ನಡ, ಇಂಗ್ಲಿಷ್ ಎರಡೂ ಬರಕೋ."

"ಇಂಗ್ಲಿಷ್ ಓದಾಕ ಬರತೈತೇನ್ರಿ?"

"ಸಾಲಿ ನಡಸಾಂವಗ ಕೇಳ್ತಿಯಲ್ಲ. ಅಗದಿ ಛಲೋ ಅಂತ ಹಾಕು."

ರುಬಿಯಾ ಚೀಲದಿಂದ ಐದನೇ ಇಯತ್ತೆಯ ಇಂಗ್ಲಿಷ್ ಪುಸ್ತಕ ತೆಗೆದಳು. "ಒಂದು ಪ್ಯಾರಾ ಓದಿಸಿ ನೋಡಬೇಕಂತ ಐತ್ರಿ."

"ಚಷ್ಮಾ ಇಲ್ಲವಾ."

"ಕಿಸೇದಾಗ ಐತಲ್ರಿ."

ವ್ಯಾಪಾರಿಗಳು ಇತ್ತ ತಿರುಗಿದರು. ಗೌರೀಶಪ್ಪ ಚಷ್ಮಾ ಏರಿಸಿ ಓದತೊಡಗಿದ. ಮೂರನೇ ಪದಕ್ಕೇ ನಿಂತ. 'ನೇಬರ್' ಅನ್ನುವುದನ್ನು 'ನೆಯಿಗ್‌ಬೋರ್' ಅಂದ. ಯಾರೋ ಕಿಸಕ್ಕೆಂದರು.

"ಅವಸರಿಲ್ರಿ. ಮೊದಲಿಂದ ಓದ್ರಿ," ಅಂದಳು ರುಬಿಯಾ. ಮತ್ತೆ ಓದಿಸಿದಳು, ಮೂರನೇ ಸಲವೂ ಓದಿಸಿದಳು. ಅವನ ಕುತ್ತಿಗೆ ಬೆವರಿತು.

"ನೀ ಯಾರ ಪೈಕಿ?" ಅಂದ ಕೊನೆಗೆ.

"ಹಸೀನಾಬಿ ಮಗಳ್ರಿ. ನಿಮ್ಮ ಸಾಲಿಗೆ ಸೇರಸಾಕ ಕರಕೊಂಡು ಬಂದಿದ್ಲು."

ಅವನಿಗೆ ನೆನಪಾಯಿತೋ ಇಲ್ಲವೋ, ಪುಸ್ತಕ ಮುಚ್ಚಿ ಕೆಳಗಿಟ್ಟ. 'ಓದಲು ಬರುವುದಿಲ್ಲ' ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಲೇ ರುಬಿಯಾ ಗುಂಡಿ ಒತ್ತಿದಳು.

ಶಾಂಭವಿ ಅಂಗಳದ ತನಕ ಹಿಂದೆಯೇ ಬಂದಳು. "ನನ್ನ ತವರಮನಿಗೂ ಈ ಸರ್ವೆದವರು ಬಂದಿದ್ರು. ಅಲ್ಲಿ ಏನೂ ಓದಿಸಲಿಲ್ಲ."

ರುಬಿಯಾ ಸುಳ್ಳು ಹೇಳಲಿಲ್ಲ. "ಹೌದ್ರಿ. ಓದ್ಸೂದು ಫಾರ್ಮಿನ್ಯಾಗ ಇಲ್ಲ."

ಶಾಂಭವಿ ಪಡಸಾಲೆಯ ಕಡೆ ಒಮ್ಮೆ ನೋಡಿದಳು. "ನಾ ಯಾರಿಗೂ ಹೇಳೂದಿಲ್ಲ, ನಡೀರಿ," ಅಂದು ಗೇಟು ಹಾಕಿಕೊಂಡಳು.

ಮನೆಗೆ ಬಂದು ರುಬಿಯಾ ಎಲ್ಲವನ್ನೂ ಉರ್ದುವಿನಲ್ಲಿ ಹೇಳಿದಳು. ಗೌರೀಶಪ್ಪ ಆಡಿದ್ದನ್ನು ಮಾತ್ರ ಅವನ ದನಿಯಲ್ಲೇ ಆಡಿ ತೋರಿಸಿದಳು. ಹಸೀನಾಬಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು. ಪಡಸಾಲೆಯಲ್ಲಿ ಯಾರ್ಯಾರಿದ್ದರು, ಮೊದಲು ನಕ್ಕವರು ಯಾರು ಎಂದು ಒಬ್ಬೊಬ್ಬರ ಹೆಸರು ಹೇಳಿಸಿದಳು.

"ನೀರು ಕೊಟ್ಟರಾ?"

"ಕೊಟ್ಟರು. ಕುಡೀಲಿಲ್ಲ."

"ಒಳ್ಳೇದು ಮಾಡಿದಿ," ಅಂದು ಹಸೀನಾಬಿ ಹಂಚಿನ ಮೇಲಿನ ರೊಟ್ಟಿ ತಿರುವಿದಳು. "ಈಗ ಮೊದಲಿಂದ ಹೇಳು."