ಅಕ್ಕನ ಮನೆಯ ಗಾಳಿಕಿಂಡಿ

ಜನ ನನ್ನನ್ನು ಬಿರಡೆ ಮೇಸ್ತ್ರಿ ಅನ್ನುತ್ತಾರೆ. ಚಳಿ ನುಗ್ಗದ ಹಾಗೆ ಮನೆಗಳ ಸಂದುಗೊಂದು ಮುಚ್ಚುವುದು ನನ್ನ ಕೆಲಸ. ಕಿಟಕಿಗೆ ರಬ್ಬರ್ ಪಟ್ಟಿ, ಸೂರಿನಡಿಗೆ ಥರ್ಮಾಕೋಲ್ ಹಲಗೆ, ಬಿರುಕಿಗೆ ಫೋಮ್. ಕೊನೆಗೆ ಮೇಣದಬತ್ತಿ ಹಚ್ಚಿ ಗೋಡೆಗುಂಟ ಹಿಡಿದುಕೊಂಡು ಹೋಗುತ್ತೇನೆ. ಜ್ವಾಲೆ ಅಲುಗಿದರೆ ಎಲ್ಲೋ ಗಾಳಿ ಬರುತ್ತಿದೆ ಎಂದರ್ಥ. ಅಲುಗದಿದ್ದರೆ ಮನೆಯವರು ಬಾಯಿ ಬಿಟ್ಟು ನೋಡುತ್ತಾರೆ, ನಾನು ಮೀಸೆ ತಿರುವುತ್ತೇನೆ. ಆ ಮೀಸೆಯಿಂದ ಆದ ಅನಾಹುತವನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ಚಳಿಗಾಲದ ಶುರುವಿನಲ್ಲಿ ಅಕ್ಕನ ಮನೆಗೆ ಕೈ ಹಾಕಿದೆ. ಅವಳ ಅತ್ತೆಗೆ ಬೀಗರ ಕಡೆಯವರ ಕೆಲಸದಲ್ಲಿ ಹುಳುಕು ಹುಡುಕುವುದೆಂದರೆ ಊಟಕ್ಕಿಂತ ರುಚಿ. ನಾನು ಮೇಣದಬತ್ತಿ ಹಿಡಿದು ಸುತ್ತುತ್ತಿದ್ದರೆ ಬೆನ್ನ ಹಿಂದೆಯೇ ಬಂದರು. ಅಡುಗೆಮನೆಯಲ್ಲಿ ಜ್ವಾಲೆ ಬಾಗಿತು.

"ಏನಪ್ಪಾ ಮೇಸ್ತ್ರಿ, ಕುಣೀತಾ ಇದೆಯಲ್ಲ ನಿನ್ನ ದೀಪ?" ಎಂದರು.

ಅದು ಒಲೆಯ ಮೇಲಿನ ಗಾಳಿಕಿಂಡಿಯ ಗಾಳಿ. ಅಲ್ಲಿ ಜ್ವಾಲೆ ಬಾಗಲೇಬೇಕು. ಅಡುಗೆಯ, ಸ್ನಾನದ, ಉಸಿರಿನ ಹಬೆ ಹೊರಹೋಗಲು ದಾರಿ ಬೇಡವೇ? ಸಂದುಗಳನ್ನೆಲ್ಲ ಮುಚ್ಚಿದ ಮನೆಗಂತೂ ಇನ್ನೂ ಬೇಕು. ಕೆಲಸ ಕಲಿಸಿದವರು ಮೊದಲ ದಿನವೇ ಹೇಳಿದ್ದ ಮಾತಿದು. ಅದನ್ನೇ ಆಕೆಗೂ ಹೇಳಿದ್ದರೆ ಮುಗಿಯುತ್ತಿತ್ತು. ನನಗೋ ಹಟ. ಮಧ್ಯಾಹ್ನ ಅವರು ಒಂದು ನಿದ್ದೆ ತೆಗೆಯಲು ಹೋದಾಗ, ಅಡುಗೆಮನೆಯದು, ಬಚ್ಚಲಿನದು ಎರಡೂ ಕಿಂಡಿಗಳ ಜಾಲರಿ ಬಿಚ್ಚಿ, ಒಳಗೆ ಫೋಮ್ ತುಂಬಿ, ಜಾಲರಿಯನ್ನು ಮೊದಲಿನ ಹಾಗೆ ಕೂರಿಸಿದೆ. ಕೆಳಗಿಂದ ನೋಡಿದರೆ ಕಿಂಡಿ ಕಿಂಡಿಯ ಹಾಗೇ ಇತ್ತು. ಸಂಜೆ ಜ್ವಾಲೆ ಕಡ್ಡಿಯಂತೆ ನೆಟ್ಟಗೆ ನಿಂತಿತು, ಅತ್ತೆಯ ಬಾಯಿ ಕಟ್ಟಿತು. ನಾಲ್ಕು ದಿನ ಬಿಟ್ಟು ತೆಗೆದರಾಯಿತು ಎಂದುಕೊಂಡವನು ಮರೆತೇಬಿಟ್ಟೆ.

ಎರಡು ತಿಂಗಳಿಗೆ ಅಕ್ಕ ಫೋನ್ ಮಾಡಿದಳು. ಹೋಗಿ ನೋಡಿದರೆ ಮಲಗುವ ಕೋಣೆಯಲ್ಲಿ ಬೀರುವಿನ ಹಿಂದೆ ಕಪ್ಪಗೆ ಬೂಷ್ಟು, ಕಿಟಕಿ ಗಾಜಿನ ಮೇಲೆ ಇಳಿಯುವ ನೀರು. ಭಾವ ಒಂದೇ ಸಮನೆ ಕೆಮ್ಮುತ್ತಿದ್ದರು. ಅತ್ತೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು.

"ಇದೇನಾ ನಿನ್ನ ಕೆಲಸ?"

ನನ್ನ ಕೆಲಸದ ಮೇಲೆ ಮಾತು ಬಂದರೆ ನನಗೆ ತಲೆ ಕೆಡುತ್ತದೆ. "ಕೆಲಸಕ್ಕೇನಾಗಿದೆ? ಇವಳು ಒದ್ದೆ ಬಟ್ಟೆ ಒಳಗೇ ಒಣಗಿಸ್ತಾಳೆ, ಪಾತ್ರೆಗೆ ಮುಚ್ಚಳ ಹಾಕಲ್ಲ. ಮನೆ ಇಟ್ಕೊಳ್ಳೋಕೆ ಬರದಿದ್ರೆ ಗೋಡೆ ಏನ್ ಮಾಡುತ್ತೆ?" ಎಂದು ಅಕ್ಕನ ಮೇಲೆ ಹರಿಹಾಯ್ದೆ.

ಹೇಳುತ್ತಿರುವಾಗಲೇ ಬಾಗಿಲಾಚೆ, ಒಲೆಯ ಮೇಲಿನ ಜಾಲರಿ ಕಣ್ಣಿಗೆ ಬಿತ್ತು. ಅದರಲ್ಲಿ ಜೋತಿದ್ದ ಜೇಡರ ಎಳೆ ಒಂದಿಷ್ಟೂ ಅಲುಗುತ್ತಿರಲಿಲ್ಲ. ಒಳಗೆ ತುಂಬಿದ್ದ ಫೋಮ್ ಆಗ ನೆನಪಾಯಿತು. ಆಗಲೇ ನಿಜ ಹೇಳಬಹುದಿತ್ತು. ಹೇಳಲಿಲ್ಲ.

"ಇರಬಹುದು ಕಣೋ, ನಾನೇ ಅಸಡ್ಡೆ ಮಾಡಿದೆ ಅನ್ಸುತ್ತೆ," ಎಂದ ಅಕ್ಕ ಬಟ್ಟೆ ತಂದು ಗೋಡೆ ಒರೆಸತೊಡಗಿದಳು.

ಅಂದಿನಿಂದ ಅತ್ತೆಗೆ ನನ್ನ ಮಾತೇ ಕೋಲಾಯಿತು. ಬಂದವರ ಮುಂದೆಲ್ಲ, "ನಾನು ಹೇಳ್ತಿಲ್ಲಮ್ಮ, ಇವಳ ಒಡಹುಟ್ಟಿದ ತಮ್ಮನೇ ಹೇಳಿದ್ದು," ಅನ್ನುತ್ತಿದ್ದರು. ಭಾವ ಕೂಡ ಕೆಮ್ಮಿದಾಗೊಮ್ಮೆ ಅಕ್ಕನ ಮುಖ ನೋಡುತ್ತಿದ್ದರಂತೆ. ಅಕ್ಕ ವಾರಕ್ಕೆರಡು ಸಲ ಬ್ಲೀಚಿಂಗ್ ಪುಡಿ ಕಲಸಿ ಗೋಡೆ ಉಜ್ಜಿದಳು. ಗೆಳತಿಯರನ್ನು ಮನೆಗೆ ಕರೆಯುವುದನ್ನೇ ಬಿಟ್ಟಳು. ಇದೆಲ್ಲ ಗೊತ್ತಿದ್ದೂ ನಾನು ಒಂದು ತಿಂಗಳು ಆ ಬೀದಿಯ ಕಡೆ ತಲೆ ಹಾಕಲಿಲ್ಲ. ನನ್ನಂಥ ಹೇಡಿ ಇನ್ನೊಬ್ಬನಿರಲಾರ.

ಕೊನೆಗೆ ಭಾವನ ಕೆಮ್ಮು ತೋರಿಸಲು ಎಲ್ಲರೂ ಆಸ್ಪತ್ರೆಗೆ ಹೊರಟ ದಿನ, ಕಿಟಕಿ ನೋಡುವ ನೆಪ ಹೇಳಿ ಬೀಗದ ಕೈ ಇಸಿದುಕೊಂಡೆ. ಎರಡೂ ಕಿಂಡಿಗಳ ಫೋಮ್ ಕಿತ್ತು, ಚೀಲಕ್ಕೆ ತುಂಬಿ, ನಾಲ್ಕು ಬೀದಿಯಾಚೆಯ ಕಸದ ತೊಟ್ಟಿಗೆ ಎಸೆದೆ. ಜಾಲರಿಯನ್ನು ಮತ್ತೆ ಕೂರಿಸಿದೆ. ಕಳ್ಳನೂ ಅಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುವುದಿಲ್ಲ.

ಮೂರು ವಾರದಲ್ಲಿ ಗೋಡೆ ಒಣಗಿತು, ಕೆಮ್ಮು ಇಳಿಯಿತು. ಅಕ್ಕ ಊಟಕ್ಕೆ ಕರೆದಳು.

"ನೋಡೋ, ನೀನು ಬೈದಿದ್ದೇ ಒಳ್ಳೇದಾಯ್ತು. ಉಜ್ಜಿ ಉಜ್ಜಿ ಹೇಗೆ ಮಾಡಿದೀನಿ!" ಎಂದು ಬಡಿಸುತ್ತ ಹೇಳಿದಳು.

"ತಡವಾಗಿಯಾದ್ರೂ ಬುದ್ಧಿ ಬಂತಲ್ಲ," ಎಂದರು ಅತ್ತೆ.

"ತಪ್ಪು ಅಕ್ಕನದಲ್ಲ. ಎರಡೂ ಕಿಂಡಿ ನಾನೇ ಮುಚ್ಚಿದ್ದೆ. ನೀವು ಆಸ್ಪತ್ರೆಗೆ ಹೋದಾಗ ಬಂದು ತೆಗೆದೆ," ಎಂದುಬಿಟ್ಟೆ.

ಅತ್ತೆ ತಲೆ ಎತ್ತಿ ಜಾಲರಿಯನ್ನು ನೋಡಿ ನಕ್ಕರು. "ಮನೆ ಕಟ್ಟಿದಾಗಿಂದ ಅದು ಹಾಗೇ ಇದೆ. ಅಕ್ಕನ ಮರ್ಯಾದೆ ಉಳಿಸೋಕೆ ಎಲ್ಲ ತನ್ನ ಮೇಲೇ ಹಾಕ್ಕೊಳ್ತಾನೆ ನೋಡು. ಇಂಥ ತಮ್ಮ ಸಿಗೋಕೆ ಪುಣ್ಯ ಮಾಡಿರಬೇಕು."

"ಸುಳ್ಳಲ್ಲಮ್ಮ," ಎಂದೆ.

"ಸಾಕು ಸುಮ್ನಿರೋ," ಎಂದಳು ಅಕ್ಕ. ಅವಳ ಕಣ್ಣು ತುಂಬಿತ್ತು. ಭಾವ ನನ್ನ ಬೆನ್ನು ತಟ್ಟಿದರು.

ಕೂತು ಎಲ್ಲ ಬಿಡಿಸಿ ಹೇಳಿದ್ದರೆ ನಂಬುತ್ತಿದ್ದರು. ಆದರೆ ಒಳ್ಳೆಯ ತಮ್ಮ ಅನ್ನಿಸಿಕೊಳ್ಳುವುದು ಹಿತವಾಗಿತ್ತು. ಹೇಳಿದೆನಲ್ಲ, ನಂಬದಿದ್ದರೆ ನಾನೇನು ಮಾಡಲಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಕ್ಕ ಬಗ್ಗಿ ನನ್ನ ತಟ್ಟೆಗೆ ಬಡಿಸಿದಳು. ಅವಳ ಬೆರಳ ತುದಿಗಳ ಚರ್ಮ ಸುಲಿದು ಕೆಂಪಾಗಿತ್ತು.

"ಇನ್ನೂ ಸ್ವಲ್ಪ ಹಾಕ್ಲಾ?" ಎಂದಳು.

ತಲೆ ಎತ್ತದೆ ಹೂಂ ಎಂದೆ.