ಗಾಜಿನ ಕೋಣೆಯ ಹಂಚಿಕೆ

ಹೋಬಾರ್ಟ್ ನಗರದ ವಿಮಾ ಕಚೇರಿಯೊಂದು ಹೊಸ ಕಟ್ಟಡಕ್ಕೆ ಬಂದಾಗ ತೊಂಬತ್ತು ಜನರಿಗೆ ಐವತ್ತೆರಡು ಮೇಜುಗಳಿದ್ದವು. ಉಳಿದವರು ಎಲ್ಲಿ ಕೂರಬೇಕೆಂಬ ಪ್ರಶ್ನೆಗೆ ಮೇಲಿನವರು ‘ಸ್ವಾತಂತ್ರ್ಯ’ ಎಂದು ಹೆಸರಿಟ್ಟು, ಅದನ್ನು ಹಂಚುವ ಕೆಲಸವನ್ನು ಕಚೇರಿ ನಿರ್ವಹಣೆಯ ವಿನಿಫ್ರೆಡ್ ಟಾಸ್ಕರ್‌ಗೆ ವಹಿಸಿದರು.

ಮ್ಯಾನೇಜರ್ ಡೆಸ್ಮಂಡ್ ಮೊದಲ ದಿನವೇ ಭಾಷಣ ಮಾಡಿದ. “ಇನ್ಮೇಲೆ ಯಾರಿಗೂ ಸ್ವಂತ ಜಾಗ ಅಂತಿಲ್ಲ. ನನಗೂ ಇಲ್ಲ. ನಾವೆಲ್ಲ ಒಂದೇ.” ಚಪ್ಪಾಳೆ ಮುಗಿದ ಮೇಲೆ ಬೆಟ್ಟ ಕಾಣುವ ಗಾಜಿನ ಕೋಣೆಗೆ ಹೋಗಿ, ತಾನು ಹಿಡಿದ ಮೀನುಗಳ ಫೋಟೋಗಳನ್ನು ಗೋಡೆಗೆ ನೇತುಹಾಕಿದ. ಬಾಗಿಲ ಮೇಲೆ ‘ಎಲ್ಲರ ಏಕಾಗ್ರತೆಯ ತಾಣ’ ಎಂಬ ಫಲಕವಿತ್ತು. ಎಲ್ಲರೊಳಗೆ ಅವನೂ ಒಬ್ಬನಾದ್ದರಿಂದ ತಪ್ಪೇನೂ ಇರಲಿಲ್ಲ.

ಯಾರು ಎಲ್ಲಿ ಎಷ್ಟು ಹೊತ್ತು ಕೂರುತ್ತಾರೆಂದು ವಿನಿಫ್ರೆಡ್ ಮೂರು ವಾರ ಬರೆದುಕೊಂಡಳು. ಪರಿಹಾರ ವಿಭಾಗದ ಎಂಟು ಮಂದಿ ಅಡುಗೆಕೋಣೆಯ ಬಾಗಿಲಲ್ಲಿ ಕೂತು, ಕಾಡ್ಗಿಚ್ಚಿಗೆ ಮನೆ ಕಳೆದುಕೊಂಡವರ ಫೋನು ಕರೆಗಳಿಗೆ ಉತ್ತರಿಸುತ್ತಿದ್ದರು. ಡೆಸ್ಮಂಡ್ ಗಾಜಿನ ಕೋಣೆಯಲ್ಲಿ ವಾರಕ್ಕೆ ಐದು ಗಂಟೆ ಇರುತ್ತಿದ್ದ. ಅದರಲ್ಲಿ ಎರಡು ಗಂಟೆ ಕಣ್ಣು ಮುಚ್ಚಿಕೊಂಡೇ ಏಕಾಗ್ರತೆ.

“ನಿನ್ನೆ ಒಬ್ಬಜ್ಜಿ ಫೋನಲ್ಲಿ ಅಳ್ತಿದ್ರು ವಿನ್ನಿ,” ಎಂದಳು ಆ ವಿಭಾಗದ ತಾಲಿಯಾ. “ಹಿಂದಿಂದ ಯಾರೋ ಟೋಸ್ಟ್ ಸೀದೋಯ್ತು ಅಂತ ಕೂಗಿದ್ರು. ಅಜ್ಜಿ ಕೇಳಿದ್ರು, ಅಲ್ಲೂ ಬೆಂಕಿ ಬಿತ್ತೇನಮ್ಮಾ ಅಂತ.”

ವಿನಿಫ್ರೆಡ್‌ಗೆ ನಗು ಬರಲಿಲ್ಲ. ಡೆಸ್ಮಂಡ್ ರಜೆಯ ಮೇಲೆ ಮೀನು ಹಿಡಿಯಲು ಹೋದದ್ದೇ ತಡ, ಕೋಣೆಯನ್ನು ಪರಿಹಾರ ವಿಭಾಗಕ್ಕೆ ಬರೆದುಕೊಟ್ಟಳು. ಫೋಟೋಗಳನ್ನು ಜೋಪಾನವಾಗಿ ಕಾಗದದಲ್ಲಿ ಸುತ್ತಿ ಅವನ ಕಪಾಟಿನಲ್ಲಿಟ್ಟಳು.

ರಜೆಯ ಬಿಸಿಲಿಗೆ ಮೂಗಿನ ಚರ್ಮ ಸುಲಿದುಕೊಂಡು ಬಂದ ಡೆಸ್ಮಂಡ್ ನೇರ ಅವಳ ಮುಂದೆ ನಿಂತ. “ನನ್ನ ರೂಮಲ್ಲಿ ಯಾರೋ ಕೂತಿದಾರಲ್ಲ.”

“ಯಾರ ರೂಮಲ್ಲಿ, ಡೆಸ್?”

“ಅದೇ... ಆ ರೂಮಲ್ಲಿ.”

“ಅರ್ಧ ಹೊತ್ತೂ ಬಳಸದ ಜಾಗ ಬೇರೆ ಟೀಮಿಗೆ ಹೋಗುತ್ತೆ. ನೀವೇ ಸಹಿ ಹಾಕಿದ ನಿಯಮ.”

“ಅದು ಟೀಮುಗಳಿಗೆ ಕಣಮ್ಮ. ನಾನು ಟೀಮಾ?”

“ಅಲ್ಲ ಅಂತ ಬರೆದುಕೊಡಿ, ಫೈಲಿಗೆ ಹಾಕ್ತೀನಿ.”

ಅವನು ಬರೆದುಕೊಡಲಿಲ್ಲ. ನಾಲ್ಕು ದಿನ ಪಾತ್ರೆ ತೊಳೆಯುವ ಯಂತ್ರದ ಪಕ್ಕ ಕೂತು, ಐದನೆಯ ದಿನ ಎಲ್ಲರಿಗೂ ಪತ್ರ ಕಳಿಸಿದ. ಹೊಸ ವ್ಯವಸ್ಥೆ ಎಷ್ಟು ಯಶಸ್ವಿಯಾಗಿದೆಯೆಂದರೆ ಅದನ್ನು ನಿಲ್ಲಿಸಲಾಗುತ್ತಿದೆ. ಎಲ್ಲರಿಗೂ ಖಾಯಂ ಮೇಜು, ಅದಕ್ಕಾಗಿ ಮೇಲಿನ ಮಹಡಿಯೂ ಬಾಡಿಗೆಗೆ. ಸಿಬ್ಬಂದಿ ಬಂದ ದಿನದಿಂದ ಬೇಡಿದರೂ ಸಿಗದ ಮಹಡಿ, ಮ್ಯಾನೇಜರನ ಕಿವಿಗೆ ಚಮಚಗಳ ಸದ್ದು ಬಿದ್ದ ವಾರದಲ್ಲೇ ಸಿಕ್ಕಿತು.

ಡೆಸ್ಮಂಡ್ ಮೇಲಿನ ಮಹಡಿಗೆ ಹೋದ. ಗಾಜಿನ ಕೋಣೆಯನ್ನು ವಾಪಸು ಕೇಳುವ ಧೈರ್ಯ ಮಾಡಲಿಲ್ಲ. ಆ ಮಧ್ಯಾಹ್ನ ವಿನಿಫ್ರೆಡ್ ಅದರ ಮುಂದೆ ಹಾದುಹೋದಾಗ ಒಳಗೆ ತಾಲಿಯಾ ಯಾರೊಂದಿಗೋ ಮೆಲ್ಲಗೆ ಮಾತಾಡುತ್ತಿದ್ದಳು. ಹೊರಗೆ ಒಂದಕ್ಷರವೂ ಕೇಳಿಸಲಿಲ್ಲ. ವಿನಿಫ್ರೆಡ್ ಅರೆಗಳಿಗೆ ನಿಂತು, ಚಹಾ ಮಾಡಿಕೊಳ್ಳಲು ಹೋದಳು.