ಮೂರನೆಯ ಅಂಶ

ತಮ್ಮ ತೀರಿಕೊಂಡು ನಾಲ್ಕು ತಿಂಗಳಾದ ಮೇಲೆ ಅವನ ಹೆಸರಿಗೆ ಸರ್ಕಾರದ ಪತ್ರ ಬಂತು. ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದ ಅಕ್ಕ ಕತ್ತರಿಯ ತುದಿಯಿಂದ ಕವರು ಬಿಡಿಸಿ ಓದಿದಳು. ಗ್ರಂಥಾಲಯದ ಕಟ್ಟಡದ ಬಗ್ಗೆ ತಾವು ಸಲ್ಲಿಸಿದ ದೂರಿನ ಪರಿಶೀಲನೆ ಬರುವ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ. ದೂರುದಾರರು ಸ್ಥಳದಲ್ಲಿ ಹಾಜರಿರತಕ್ಕದ್ದು. ತಪ್ಪಿದಲ್ಲಿ ದೂರನ್ನು ಮುಕ್ತಾಯಗೊಳಿಸಲಾಗುವುದು. ದೂರು ಕೊಟ್ಟು ಹದಿನಾಲ್ಕು ತಿಂಗಳಾಗಿತ್ತು. ಅದರಲ್ಲಿ ಹತ್ತು ತಿಂಗಳು ತಮ್ಮ ಕಿಟಕಿಯ ಪಕ್ಕ ಗಾಲಿಕುರ್ಚಿ ಹಾಕಿಸಿಕೊಂಡು ಅಂಚೆಯವನ ದಾರಿ ಕಾದಿದ್ದ. ಸರ್ಕಾರಕ್ಕೆ ಅವಸರವಿರಲಿಲ್ಲ, ಅವನ ಕಾಯಿಲೆಗೆ ಇತ್ತು.

ಬೀದಿಯವರೆಲ್ಲ ಅವನನ್ನು ವಕೀಲ ಎಂದು ಕರೆಯುತ್ತಿದ್ದರು. ಅವನೇನೂ ಕೋರ್ಟಿನ ಮುಖ ಕಂಡವನಲ್ಲ. ಇಪ್ಪತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವನು. ಪರರು ಬರೆದದ್ದರಲ್ಲಿ ತಪ್ಪು ಹುಡುಕಿ ಹುಡುಕಿ ಅದೇ ಒಂದು ಚಟವಾಗಿತ್ತು. ಕಾಲಿನ ಬಲ ಹೋಗಿ ಗಾಲಿಕುರ್ಚಿ ಹಿಡಿದ ಮೇಲೆ ಕಾಗದದ ತಪ್ಪು ಸಾಲದೆ ಕಟ್ಟಡಗಳ ತಪ್ಪಿಗೆ ಕೈ ಹಾಕಿದ. ಅಂಚೆ ಕಚೇರಿಯ ಮೂರು ಮೆಟ್ಟಿಲು, ಸರ್ಕಾರಿ ಆಸ್ಪತ್ರೆಯಲ್ಲಿ ಸದಾ ಬೀಗ ಹಾಕಿದ ಲಿಫ್ಟು, ಎಲ್ಲದರ ಮೇಲೂ ಒಂದೊಂದು ದೂರು. ಒಂದಕ್ಕೂ ಉತ್ತರ ಬಂದಿರಲಿಲ್ಲ. ಗ್ರಂಥಾಲಯದ ವಿಷಯದಲ್ಲಿ ಮಾತ್ರ ಅವನು ಹಿಡಿದ ಹಟ ಬಿಡಲಿಲ್ಲ.

"ಉಳಿದ ಕಡೆಗೆಲ್ಲ ಕೆಲಸ ಇದೆ ಅಂತ ಹೋಗ್ತೀನಿ ಅಕ್ಕ. ಇಲ್ಲಿಗೆ ಒಂದಕ್ಕೆ ಆಸೆಯಿಂದ ಹೋಗ್ತೀನಿ," ಎನ್ನುತ್ತಿದ್ದ.

ಮನೆಯಲ್ಲೂ ಅವನ ಕಿವಿಯ ಮೇಲೆ ಸದಾ ಒಂದು ಪೆನ್ಸಿಲು. ಅಕ್ಕನ ಅಳತೆ ಪುಸ್ತಕವನ್ನೂ ಅವನು ಬಿಟ್ಟವನಲ್ಲ. ಯಾರದೋ ರವಿಕೆಗೆ ತೋಳಿನ ಅಳತೆ ಬರೆಯಲು ಮರೆತಿದ್ದರೆ ಆ ಜಾಗದಲ್ಲಿ ಹಂಸಪಾದ ಬಿದ್ದಿರುತ್ತಿತ್ತು. ಇಲ್ಲಿ ಏನೋ ಬಿಟ್ಟುಹೋಗಿದೆ, ಸೇರಿಸಿ ಎಂದು ಕರಡು ತಿದ್ದುವವರು ಹಾಕುವ ಎರಡು ಗೀಟಿನ ಗುರುತು. ಬಾಯಿಬಿಟ್ಟು ಹೇಳಬಾರದೇನೋ ಎಂದು ಅವಳು ಒಮ್ಮೆ ರೇಗಿದ್ದಳು.

"ಹೇಳಿದ್ರೆ ನಿಂಗೆ ಕೋಪ ಬರುತ್ತೆ. ಗುರುತು ಹಾಕಿದ್ರೆ ನೀನೇ ನೋಡಿ ಸರಿಮಾಡ್ಕೋತೀಯ."

ಕಾಯಿಲೆ ಕಾಲಿನಿಂದ ಕೈಗೆ ಏರಿದಾಗ ಆ ಗುರುತಿನ ಬಲಗಡೆಯ ಗೀಟು ಕೆಳಗೆ ಜಾರಿ ಉದ್ದವಾಗತೊಡಗಿತು. "ನೋಡು, ನನ್ನ ಹಂಸಕ್ಕೂ ಒಂದು ಕಾಲು ಕುಂಟು," ಎಂದು ನಕ್ಕಿದ್ದ. ಅವಳೂ ನಕ್ಕಿದ್ದಳು, ಆಮೇಲೆ ಅಡುಗೆಮನೆಗೆ ಹೋಗಿ ಅತ್ತಿದ್ದಳು.

ಬರೆಯಲು ಕೈ ಬಾರದ ಮೇಲೆ ದೂರುಗಳೆಲ್ಲ ಅವಳ ಅಕ್ಷರದಲ್ಲೇ ಆದವು. ಅವನು ಹೇಳುತ್ತಿದ್ದ, ಅವಳು ಒಂದು ಹಾಳೆಯಲ್ಲಿ ಗೀಚಿಕೊಂಡು ಆಮೇಲೆ ಶುದ್ಧವಾಗಿ ಬರೆಯುತ್ತಿದ್ದಳು. ಗ್ರಂಥಾಲಯದ ದೂರಿನಲ್ಲಿ ಅವನು ಹೇಳಿದ್ದು ಮೂರು ಅಂಶ. ಒಂದು, ಬಾಗಿಲಿಗೆ ಹೋಗುವ ಇಳಿಜಾರು ತೀರ ಕಡಿದು. ಎರಡು, ಅಂಗವಿಕಲರ ಶೌಚಾಲಯದಲ್ಲಿ ಪೊರಕೆ, ಬಕೆಟು ತುಂಬಿಟ್ಟಿದ್ದಾರೆ. ಮೂರನೆಯದನ್ನು ಹೇಳುವಾಗ ಅವನು ಗೋಡೆ ನೋಡುತ್ತಿದ್ದ.

"ಬರಿ. ಪುಸ್ತಕ ಕೊಡುವ ಕೌಂಟರು ನನ್ನ ತಲೆಗಿಂತ ಎತ್ತರ. ಒಳಗಿರುವವರಿಗೆ ನಾನು ಕಾಣಿಸುವುದಿಲ್ಲ. ನನಗೆ ಯಾವ ಪುಸ್ತಕ ಬೇಕೆಂದು ಹಿಂದೆ ನಿಂತ ಅಕ್ಕನನ್ನು ಕೇಳುತ್ತಾರೆ. ಅಕ್ಕನೇ ಉತ್ತರ ಹೇಳಿಬಿಡುತ್ತಾಳೆ."

"ಇದನ್ನೆಲ್ಲ ಬರೆದ್ರೆ ನಗ್ತಾರೆ ಕಣೋ."

"ನಗಲಿ ಬಿಡು. ನೀನು ಬರಿ."

ಗೀಚಿಕೊಂಡಳು. ಶುದ್ಧವಾಗಿ ಬರೆಯುವಾಗ ಬಿಟ್ಟುಬಿಟ್ಟಳು. ಅಧಿಕಾರಿಗಳು ನಗುತ್ತಾರೆ ಎಂಬುದು ನೆಪ. ಅವಳಿಗೆ ಚುಚ್ಚಿದ್ದು ಕೊನೆಯ ವಾಕ್ಯ. ಹನ್ನೊಂದು ವರ್ಷ ಬಿಸಿಲು ಧೂಳು ಎನ್ನದೆ ಆ ಕುರ್ಚಿ ತಳ್ಳಿದ್ದಕ್ಕೆ ಕೊನೆಗೆ ದೂರಿನಲ್ಲಿ ನನ್ನ ಹೆಸರೂ ಸೇರಬೇಕೆ ಎಂದು ಕೋಪ ನೆತ್ತಿಗೇರಿತ್ತು. ಹಾಳೆಯನ್ನು ಹಲಗೆಯ ಮೇಲಿಟ್ಟು ಅವನ ತೊಡೆಗೆ ಕೊಟ್ಟಳು. ಕುಡಿಯಲು ನೀರು ಬೇಕೆಂದ. ತರುವಷ್ಟರಲ್ಲಿ ಸಹಿ ಆಗಿತ್ತು, ಹಾಳೆ ಮಡಚಿಯೂ ಆಗಿತ್ತು. "ಕವರಿಗೆ ಹಾಕಿ ಅಂಟಿಸು," ಎಂದಷ್ಟೇ ಅಂದ. ಅವನು ಓದಲಿಲ್ಲ ಎಂದು ಅವಳು ನಂಬಿಕೊಂಡಳು. ಎಲ್ಲರದನ್ನೂ ಎರಡೆರಡು ಸಲ ಓದುವವನು ಅಕ್ಕ ಬರೆದದ್ದೆಂದು ಕಣ್ಣುಮುಚ್ಚಿ ಸಹಿ ಹಾಕಿದನಲ್ಲ ಎಂಬುದು ಆಗಾಗ ಕುಟುಕುತ್ತಿತ್ತು, ಅಷ್ಟೆ.

ಗುರುವಾರ ಅವಳು ಬಾಗಿಲ ಹಿಂದೆ ಸರಿಸಿಟ್ಟಿದ್ದ ಕುರ್ಚಿಯನ್ನು ತೆಗೆದು, ಅದರ ಮೇಲೆ ಪೇರಿಸಿದ್ದ ಬಟ್ಟೆಗಂಟುಗಳನ್ನು ಇಳಿಸಿ, ಒರೆಸಿ, ಖಾಲಿ ಕುರ್ಚಿಯನ್ನೇ ತಳ್ಳಿಕೊಂಡು ಹೊರಟಳು. ಹೋಗದಿದ್ದರೆ ದೂರು ಮುಚ್ಚಿಹೋಗುತ್ತದೆ. ಅವನ ಒಂದಾದರೂ ಕಾಗದ ದಡ ಮುಟ್ಟಲಿ ಎಂಬ ಆಸೆ. ಖಾಲಿ ಕುರ್ಚಿ ಬೀದಿಯಲ್ಲಿ ಲೊಡಲೊಡ ಸದ್ದು ಮಾಡಿತು. ಅವನಿದ್ದಾಗ ಅದು ಇಷ್ಟು ಸದ್ದು ಮಾಡುತ್ತಿರಲಿಲ್ಲ.

ಅಧಿಕಾರಿ ಆಗಲೇ ಬಂದು ಇಳಿಜಾರಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಟೇಪು ಹಿಡಿದಿದ್ದರು. ನಡುವಯಸ್ಸಿನವರು, ಬೆವರಿದ ಅಂಗಿ. ಕಾಟಾಚಾರಕ್ಕೆ ಬಂದವರಂತೆ ಕಾಣಲಿಲ್ಲ. ಅವಳು ವಿಷಯ ಹೇಳಿ ಸಾವಿನ ಪ್ರಮಾಣಪತ್ರ ತೋರಿಸಿದಳು.

ಅವರು ಅದನ್ನು ಓದಿ, ಮಡಚಿ ಹಿಂದಕ್ಕೆ ಕೊಟ್ಟರು. "ತಡ ಆಯ್ತಮ್ಮ," ಎಂದರು. "ಮನೆಯವರು ಹಾಜರಿದ್ರೂ ನಡೆಯುತ್ತೆ. ಬನ್ನಿ."

ಎತ್ತರ ಮೂರು ಅಡಿ, ಉದ್ದ ಹದಿನೆಂಟು. ಮೂವತ್ತಾರು ಇರಬೇಕಿತ್ತು ಎಂದು ಗುರುತು ಹಾಕಿಕೊಂಡರು. ಶೌಚಾಲಯದ ಬಾಗಿಲು ತೆರೆದರೆ ಒಂದು ಪೊರಕೆ ಅವರ ಕಾಲ ಮೇಲೇ ಬಿತ್ತು. ಆಮೇಲೆ ವರದಿಯ ನಮೂನೆಯಲ್ಲಿ ಒಂದು ಕಲಂ ಉಳಿಯಿತು: ಗಾಲಿಕುರ್ಚಿ ಏರುವಾಗ ಕಂಡುಬಂದ ತೊಂದರೆ. ವಾಚ್‌ಮನ್ನನ್ನು ಕರೆದು ಕುರ್ಚಿ ತಳ್ಳಲು ಹೇಳಿದರು. ಅದು ಸರ್ರನೆ ಮೇಲೆ ಹೋಯಿತು.

"ಹತ್ತಿತಲ್ಲಮ್ಮ."

"ಖಾಲಿ ಇದೆ ಸರ್. ಹತ್ತುತ್ತೆ."

ಅವರು ಪೆನ್ನು ಹಿಡಿದು ಹಾಗೇ ನಿಂತರು. ಕಾಣದ್ದನ್ನು ಬರೆಯುವಂತಿಲ್ಲ. ಕುರ್ಚಿ ಕೆಳಗೆ ಬಂತು. ಅವಳು ಸೆರಗು ಸುತ್ತಿ ಸಿಕ್ಕಿಸಿಕೊಂಡು ಅದರಲ್ಲಿ ಕುಳಿತಳು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅದರಲ್ಲಿ ಕೂತು ನೋಡಿರಲಿಲ್ಲ.

ಅರ್ಧ ದಾರಿಗೆ ವಾಚ್‌ಮನ್‌ಗೆ ಏದುಸಿರು ಹತ್ತಿ, ಕುರ್ಚಿ ಒಂದು ಗೇಣು ಹಿಂದಕ್ಕೆ ಜಾರಿತು. ಕೈಪಟ್ಟಿಯನ್ನು ಬಿಗಿಯಾಗಿ ಹಿಡಿದಾಗ ಹೆಬ್ಬೆರಳು ಒಂದು ಸವೆದ ಕುಳಿಯೊಳಗೆ ಕೂತಿತು. ತಮ್ಮನ ಹೆಬ್ಬೆರಳು ಮಾಡಿದ ಕುಳಿ. ಪ್ರತಿ ಸಲವೂ ಇಲ್ಲಿ, ಇದೇ ಜಾಗದಲ್ಲಿ, "ಏನೂ ಆಗಲ್ಲ, ಸುಮ್ನೆ ಕೂತ್ಕೋ" ಎಂದು ಹಿಂದಿನಿಂದ ಹೇಳಿದ್ದು ಅವಳೇ. ಬೆನ್ನ ಹಿಂದೆ ನಿಂತವಳಿಗೆ ಅವನ ಮುಖ ಎಲ್ಲಿ ಕಾಣಬೇಕು.

ವಾಚ್‌ಮನ್ ಹೇಗೋ ಮೇಲೆ ಹತ್ತಿಸಿ, ದಣಿದು, ಕುರ್ಚಿಯನ್ನು ಒಳಗೆ ತಳ್ಳಿ ಕೌಂಟರಿನ ಮುಂದೆ ನಿಲ್ಲಿಸಿದ. ಅವಳ ಕಣ್ಣೆದುರಿಗೆ ಬರೀ ಕಂದು ಹಲಗೆ, ಎರಡು ತುಕ್ಕು ಮೊಳೆ, ಮೇಲಿನಿಂದ ಇಳಿಬಿದ್ದ ಪೆನ್ನಿನ ದಾರ. ಆಚೆಯಿಂದ ಸಹಾಯಕಿಯ ದನಿ ಬಂತು. ವರ್ಷಗಳಿಂದ ಪರಿಚಯದ ದನಿ.

"ಏನಂತೆ ಅವರಿಗೆ? ಕಾರ್ಡ್ ತಂದಿದಾರಾ ಕೇಳಿ."

ಅವಳು ಬಾಯಿ ತೆರೆಯುವಷ್ಟರಲ್ಲಿ ವಾಚ್‌ಮನ್, "ಇಲ್ಲ ಮೇಡಂ, ಏನೂ ಬೇಡ ಅವರಿಗೆ, ಇನ್‌ಸ್ಪೆಕ್ಷನ್‌ಗೆ ಬಂದಿರೋದು," ಎಂದ. ಮಾತು ಮುಗಿದೇಹೋಯಿತು. ತನ್ನ ತಲೆಯ ಮೇಲೆ ಹುಟ್ಟಿ ತಲೆಯ ಮೇಲೇ ಮುಗಿಯಿತು.

ಸಹಾಯಕಿ ಬಗ್ಗಿ ನೋಡಿದಳು. "ಅಯ್ಯೋ, ನೀವಾ? ಕಾಣಲೇ ಇಲ್ಲ."

ಕೆಟ್ಟವಳಲ್ಲ ಅವಳು. ಪ್ರತಿ ಸಲವೂ ಅಕ್ಕರೆಯಿಂದಲೇ, "ನಿಮ್ಮ ತಮ್ಮಂಗೆ ಏನು ಕೊಡ್ಲಿ?" ಎಂದು ಕೇಳುತ್ತಿದ್ದವಳು. ಪ್ರತಿ ಸಲವೂ, "ತೆಳ್ಳಗಿರೋದು ಯಾವುದಾದ್ರೂ ಕೊಡಿ, ಅವನ ಕೈಲಿ ಭಾರ ಹಿಡಿಯೋಕಾಗಲ್ಲ," ಎಂದು ಉತ್ತರ ಕೊಟ್ಟವಳು ತಾನು. ಅವನು ತೆಳ್ಳಗಿನ ಪುಸ್ತಕಗಳನ್ನು ತೊಡೆಯ ಮೇಲಿಟ್ಟುಕೊಂಡು ತುಟಿ ಪಿಟಕ್ಕೆನ್ನದೆ ಮನೆಗೆ ಬರುತ್ತಿದ್ದ. ಊರಿಗೆಲ್ಲ ದೂರು ಬರೆದವನಿಗೆ ಯಾವ ಪುಸ್ತಕ ಬೇಕಿತ್ತೆಂದು ಅಕ್ಕನಿಗೆ ಗೊತ್ತಿರಲಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ.

ಅಧಿಕಾರಿ ಬರೆದು ಮುಗಿಸಿ ಬಂದರು. "ಎರಡು ಅಂಶಾನೂ ನಿಜ ಅಂತ ಬರೆದಿದೀನಿ. ರಿಪೇರಿಗೆ ಆದೇಶ ಆಗುತ್ತೆ. ಇಲ್ಲೊಂದು ಸಹಿ ಮಾಡಿ," ಎಂದು ಫೈಲನ್ನು ಅವಳ ತೊಡೆಯ ಮೇಲಿಟ್ಟರು.

ವರದಿಯ ಕೆಳಗೆ ಮೂಲ ದೂರು ಇತ್ತು. ಅವಳದೇ ಅಕ್ಷರ. ಎರಡನೆಯ ಅಂಶ ಮುಗಿದು ಸಹಿ ಶುರುವಾಗುವ ನಡುವಿನ ಬಿಳಿ ಜಾಗದಲ್ಲಿ ಪೆನ್ಸಿಲಿನ ಎರಡು ಗೀಟು. ತೆಳುವಾಗಿ, ನಡುಗುತ್ತ ಹಾಕಿದ್ದು. ಬಲಗಡೆಯ ಗೀಟು ಉದ್ದ.

ಓದಿದ್ದ. ಬಿಟ್ಟಿದ್ದು ಕಂಡಿತ್ತು. ಬೈಯಲಿಲ್ಲ, ಬೇರೆ ಬರೆಸಲಿಲ್ಲ. ಗುರುತು ಹಾಕಿ, ಅವಳು ಅಂಟಿಸುವ ಮುಂಚೆ ಒಮ್ಮೆ ಬಿಡಿಸಿ ನೋಡಿಯಾಳೆಂದು ಮಡಚಿ ಕೊಟ್ಟಿದ್ದ. ಅವಳು ನೋಡಿರಲಿಲ್ಲ. ಆಮೇಲೆ ಹತ್ತು ತಿಂಗಳು ಅದನ್ನು ಹೊಟ್ಟೆಗೆ ಹಾಕಿಕೊಂಡು ಅವಳ ಕೈಯಿಂದಲೇ ಊಟ ಮಾಡಿದ್ದ.

"ಸರ್, ಇನ್ನೊಂದು ಅಂಶ ಬರೀಬೇಕು. ಈ ಕೌಂಟರಿನ ಎತ್ತರದ್ದು."

"ಈಗ ಹೊಸದು ಸೇರಿಸೋ ಹಾಗಿಲ್ಲಮ್ಮ. ಬೇಕಾದ್ರೆ ಬೇರೆ ದೂರು ಕೊಡಿ. ತೊಂದರೆ ಆದವರ ಹೆಸರಲ್ಲಿ..." ಎಂದು ಶುರುಮಾಡಿ ಅವರೇ ನಿಲ್ಲಿಸಿದರು.

ಅವಳು ಬೆರಳಿಟ್ಟು ತೋರಿಸಿದಳು. "ಹೊಸದಲ್ಲ. ಇದು ಹಂಸಪಾದ. ಬಿಟ್ಟುಹೋಗಿದ್ದನ್ನ ಇಲ್ಲಿ ಸೇರಿಸಿ ಅಂತ. ಸಹಿ ಮಾಡುವಾಗಲೇ ಹಾಕಿದಾನೆ."

ಅವರು ಕನ್ನಡಕ ತೆಗೆದು ಹಾಳೆಯ ಹತ್ತಿರಕ್ಕೆ ಬಗ್ಗಿದರು. "ಬಿಟ್ಟಿದ್ದು ಯಾರು?"

"ನಾನು."

ಕೌಂಟರಿನ ಪೆನ್ನಿನ ದಾರ ಅವಳವರೆಗೆ ಎಟುಕುತ್ತಿರಲಿಲ್ಲ. ಅಧಿಕಾರಿ ತಮ್ಮ ಜೇಬಿನದನ್ನು ಕೊಟ್ಟು, "ಬರೀರಿ, ನಾನು ಪಕ್ಕದಲ್ಲಿ ಸಹಿ ಹಾಕ್ತೀನಿ," ಎಂದು ಆ ಕಡೆ ತಿರುಗಿ ಕೌಂಟರಿನ ಎತ್ತರ ಅಳೆಯತೊಡಗಿದರು.

ಅವಳು ಕುರ್ಚಿಯಲ್ಲೇ ಕುಳಿತು ತೊಡೆಯ ಮೇಲೆ ಬರೆದಳು. ಮೂರು. ಕೌಂಟರು ನನ್ನ ತಲೆಗಿಂತ ಎತ್ತರ. ಒಳಗಿರುವವರಿಗೆ ನಾನು ಕಾಣಿಸುವುದಿಲ್ಲ. ಅವನ ಮಾತು ಒಂದೂ ಮರೆತಿರಲಿಲ್ಲ. ಕಣ್ಣೀರು ಹಾಳೆಗೆ ಬೀಳದಂತೆ ಸೆರಗಿನಿಂದ ಒರೆಸಿಕೊಂಡಳು. ಯಾವ ಪುಸ್ತಕ ಬೇಕೆಂದು ಹಿಂದೆ ನಿಂತ ಅಕ್ಕನನ್ನು ಕೇಳುತ್ತಾರೆ. ಅಲ್ಲಿಗೆ ಬಂದಾಗ ಪೆನ್ನು ನಿಂತಿತು. ಮತ್ತೆ ನಡೆಯಿತು. ಅಕ್ಕನೇ ಉತ್ತರ ಹೇಳಿಬಿಡುತ್ತಾಳೆ.

ಅಧಿಕಾರಿ ಫೈಲಿಗೆ ಕೈ ಚಾಚಿದರು. ಒಂದು ನಿಮಿಷ ಎಂದು ಅವಳು ಕೈ ಸನ್ನೆ ಮಾಡಿದಳು. ಸಾಲಿನ ಕೆಳಗೆ ಬೆರಳಿಟ್ಟು, ತಮ್ಮ ಓದುತ್ತಿದ್ದ ಹಾಗೆ, ಮೊದಲಿನಿಂದ ಎರಡು ಸಲ ಓದಿದಳು.